ಹಲಗಿ ಸದ್ದು ಲ್ಯಾಪ್‌ಟಾಪಿನೊಳಗೆ ಬರೋದು ಹೇಗೆ?

ಹೋಳಿ ಹುಣ್ಣಿಮೆ ಹತ್ತಿರ ಬಂತಂದ್ರೆ ರೋಣ, ನರಗುಂದ, ಗಜೇಂದ್ರಗಡದ ಓಣಿಗಳಲ್ಲಿ ಹಲಗಿ ಸದ್ದು ಶುರುವಾಗುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಬಾರಿಸುತ್ತಿರೋದು ಚಿಕ್ಕ ಹುಡುಗನೋ ಪಳಗಿದ ಕೈಯೋ ಅಂತ ಗೊತ್ತಾಗಿಬಿಡುತ್ತದೆ. ಅದೇ ಊರುಗಳ ಹುಡುಗ ಹುಡುಗಿಯರು ಬೆಂಗಳೂರು, ಪುಣೆಯ ಬಾಡಿಗೆ ರೂಮಿನಲ್ಲಿ ಕೂತು ಮಾಡಿದ ಹಾಡುಗಳನ್ನು ಯೂಟ್ಯೂಬ್‌ನಲ್ಲಿ ಕೇಳಿ ನೋಡಿ. ದನಿ ಚೆನ್ನಾಗಿರುತ್ತದೆ, ಸಾಹಿತ್ಯವೂ ಚೆನ್ನಾಗಿರುತ್ತದೆ. ತಾಳ ಶುರುವಾದ ಹತ್ತು ಸೆಕೆಂಡಿನಲ್ಲಿ ಮಾತ್ರ ‘ಇದು ಕೀಬೋರ್ಡು’ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು ಎಡವೋದು ಹೆಚ್ಚಾಗಿ ಇಲ್ಲೇ. ಒಂದು ಮೈಕು, ಒಂದು ಆಡಿಯೋ ಇಂಟರ್‌ಫೇಸ್ ಇದ್ದರೆ ದನಿ, ಗಿಟಾರು, ಹಾರ್ಮೋನಿಯಂ ಎಲ್ಲ ಮುಗಿಯುತ್ತದೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಡ್ರಮ್ ಸೆಟ್ ಬಾರಿಸಿದರೆ ಮಾತ್ರ ಮಾಲೀಕರು ಮರುದಿನವೇ ಮನೆ ಬಿಡಿಸುತ್ತಾರೆ! ಹಾಗಾಗಿ ಎಲ್ಲರೂ ಡ್ರಮ್ ಸ್ಯಾಂಪಲ್ ಸಾಫ್ಟ್‌ವೇರ್ ಕಡೆ ಹೋಗುತ್ತಾರೆ. ಹೋದ ಕೂಡಲೇ ಎದುರಾಗೋ ಪ್ರಶ್ನೆ: ಯಾವುದನ್ನು ತಗೊಳ್ಳೋದು? ಉಚಿತದ್ದೋ, ಮೂವತ್ತು ಸಾವಿರದ್ದೋ?

ಈ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ನಿಮ್ಮ ಹಾಡು ಯಾವ ವಾದ್ಯವನ್ನು ಕೇಳುತ್ತಿದೆ?

ಸ್ಯಾಂಪಲ್ ಅಂದರೆ ಇಷ್ಟೇ

ನಿಜವಾದ ವಾದ್ಯದ ಒಂದು ಪೆಟ್ಟನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡರೆ ಅದು ಸ್ಯಾಂಪಲ್. ಕೀಬೋರ್ಡಿನ ಒಂದು ಮನೆ ಒತ್ತಿದಾಗ ಆ ರೆಕಾರ್ಡಿಂಗ್ ಕೇಳಿಸುತ್ತದೆ. ಇದನ್ನು ಡ್ರಮ್ ಮಷಿನ್‌ಗೆ ಮೊದಲು ತಂದಿದ್ದು ಅಮೆರಿಕದ ರೋಜರ್ ಲಿನ್, 1980ರಲ್ಲಿ ಬಂದ ಎಲ್‌ಎಂ-1 ಯಂತ್ರದಲ್ಲಿ. ಆಗ ಮೆಮೊರಿ ಎಷ್ಟು ದುಬಾರಿ ಅಂದರೆ, ಬಹಳ ಹೊತ್ತು ಗುಂಯ್‌ಗುಡುವ ಕ್ರ್ಯಾಶ್ ಸಿಂಬಲ್‌ನ ಸದ್ದನ್ನೇ ಅದರಲ್ಲಿ ಇಡಲು ಆಗಲಿಲ್ಲ. ಬೆಲೆ ಸುಮಾರು ಐದು ಸಾವಿರ ಡಾಲರ್!

ನಮ್ಮಲ್ಲೂ ಇದರ ದಾಯಾದಿಗಳು ಇವೆ. ಸಂಗೀತ ಕಲಿತವರ ಮನೆಯಲ್ಲಿ ಬೆಂಗಳೂರಿನ ರಾಡೆಲ್ ಕಂಪನಿಯ ‘ತಾಳಮಾಲಾ’ ಪೆಟ್ಟಿಗೆಯನ್ನು ನೋಡಿರುತ್ತೀರಿ. ಗುಂಡಿ ತಿರುಗಿಸಿದರೆ ತಬಲಾ ಠೇಕಾ ಶುರು. ಈಗ ಅದೇ ಕೆಲಸವನ್ನು ಫೋನಿನ ಆ್ಯಪ್‌ಗಳು ಮಾಡುತ್ತವೆ. ಅಭ್ಯಾಸಕ್ಕೆ ಇವು ಬಂಗಾರದಂಥವು. ಆದರೆ ಅಭ್ಯಾಸದ ಠೇಕಾ ಬೇರೆ, ಹಾಡಿನ ಜೊತೆ ನಡೆಯುವ ತಬಲಾ ಬೇರೆ. ಆ ವ್ಯತ್ಯಾಸ ತಿಳಿದರೆ ಸಾಫ್ಟ್‌ವೇರ್ ಆರಿಸೋದು ಅರ್ಧ ಸುಲಭವಾಗುತ್ತದೆ.

ಕಿವಿ ಸುಳ್ಳು ಹಿಡಿಯೋದು ಎಲ್ಲಿ?

ಮೊದಲನೆಯದು, ಪೆಟ್ಟಿನ ಜೋರು. ಮೆಲ್ಲಗೆ ಹೊಡೆದ ಡ್ರಮ್ಮು ಅಂದರೆ ಜೋರಾಗಿ ಹೊಡೆದ ಡ್ರಮ್ಮಿನ ವಾಲ್ಯೂಮ್ ಇಳಿಸಿದ್ದಲ್ಲ. ಅದರ ಬಣ್ಣವೇ ಬೇರೆ. ಜೋರು ಪೆಟ್ಟಿನಲ್ಲಿ ಚರ್ಮ ಬಿಗಿಯಾಗಿ ಚುರುಕು ಸದ್ದು ಬರುತ್ತದೆ, ಮೆಲು ಪೆಟ್ಟಿನಲ್ಲಿ ದುಂಡಗಿನ ಸದ್ದು. ಆದ್ದರಿಂದ ಒಳ್ಳೆಯ ಲೈಬ್ರರಿಗಳಲ್ಲಿ ಒಂದೇ ವಾದ್ಯವನ್ನು ಮೆಲ್ಲಗಿನಿಂದ ಜೋರಿನವರೆಗೆ ಹಲವು ಹಂತಗಳಲ್ಲಿ ರೆಕಾರ್ಡ್ ಮಾಡಿರುತ್ತಾರೆ. ಇವೇ ವೆಲಾಸಿಟಿ ಲೇಯರ್. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಪೆಟ್ಟಿನ ಜೋರನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಹೇಳುತ್ತೇವೆ. ಎಲ್ಲ ಪೆಟ್ಟಿಗೂ 127 ಇಟ್ಟುಬಿಟ್ಟರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಆದರೂ ಮದುವೆ ಬ್ಯಾಂಡಿನಂತೆ ಕೇಳಿಸುತ್ತದೆ.

ಎರಡನೆಯದು, ಅದೇ ಪೆಟ್ಟು ಮತ್ತೆ ಮತ್ತೆ ಬರೋದು. ಯಾವ ಮನುಷ್ಯನೂ ಎರಡು ಪೆಟ್ಟನ್ನು ತದ್ರೂಪ ಒಂದೇ ಥರ ಹೊಡೆಯಲಾರ. ಸಾಫ್ಟ್‌ವೇರ್ ಒಂದೇ ರೆಕಾರ್ಡಿಂಗನ್ನು ಸಾಲಾಗಿ ಹದಿನಾರು ಸಲ ನುಡಿಸಿದರೆ ಮಷಿನ್ ಗನ್ ಸದ್ದು ಬರುತ್ತದೆ. ಇದಕ್ಕೆ ಪರಿಹಾರ ‘ರೌಂಡ್ ರಾಬಿನ್’: ಒಂದೇ ಜೋರಿನ ನಾಲ್ಕಾರು ಬೇರೆ ಬೇರೆ ಪೆಟ್ಟುಗಳನ್ನು ಇಟ್ಟುಕೊಂಡು ಸರದಿಯಲ್ಲಿ ನುಡಿಸೋದು. ಸರ್ವರ್ ಲೋಡ್ ಹಂಚುವವರಿಗೆ ಈ ಹೆಸರು ಹೊಸದೇನಲ್ಲ, ಅದೇ ಲೆಕ್ಕ.

ಮೂರನೆಯದು, ಕೋಣೆ. ನಾವು ಡ್ರಮ್ ಕೇಳುವಾಗ ಅದು ಇರುವ ಜಾಗವನ್ನೂ ಕೇಳುತ್ತಿರುತ್ತೇವೆ. ಒಳ್ಳೆಯ ಲೈಬ್ರರಿಗಳು ವಾದ್ಯದ ಹತ್ತಿರದ ಮೈಕು, ತಲೆಮೇಲಿನ ಮೈಕು, ದೂರದ ಕೋಣೆ ಮೈಕು ಅಂತ ಬೇರೆ ಬೇರೆ ಕೊಡುತ್ತವೆ. ಕೋಣೆಯ ಮೈಕನ್ನು ಸ್ವಲ್ಪ ಏರಿಸಿ ನೋಡಿ. ಅಂಟಿಸಿದಂತಿದ್ದ ಡ್ರಮ್ಮು ಹಾಡಿನೊಳಗೆ ಬಂದು ಕೂರುತ್ತದೆ.

ನಾಲ್ಕನೆಯದೇ ದೊಡ್ಡದು: ಕಾಲ. ಗ್ರಿಡ್ಡಿನ ಮೇಲೆ ಕರಾರುವಾಕ್ಕಾಗಿ ಕೂರಿಸಿದ ಪೆಟ್ಟು ಸತ್ತಂತೆ ಕೇಳುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ‘ಹ್ಯೂಮನೈಸ್’ ಗುಂಡಿ ಒತ್ತುತ್ತಾರೆ. ಹೆಚ್ಚಿನ ಸಾಫ್ಟ್‌ವೇರಿನಲ್ಲಿ ಅದು ಪೆಟ್ಟುಗಳನ್ನು ಮನಸ್ಸಿಗೆ ಬಂದಂತೆ ಆಚೀಚೆ ಸರಿಸುತ್ತದೆ, ಅಷ್ಟೇ. ಮನುಷ್ಯ ಹಾಗೆ ತಪ್ಪುವುದಿಲ್ಲ. ಜರ್ಮನಿಯ ಗೊಟ್ಟಿಂಗೆನ್‌ನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಾರಿಸುವವನ ಸಣ್ಣ ಏರುಪೇರುಗಳು ನಾಣ್ಯ ಚಿಮ್ಮಿದ ಹಾಗಲ್ಲ. ಈಗಿನ ಒಂದು ಸರಿತ ಬಹಳ ಹೊತ್ತಿನ ಮುಂದಿನ ಪೆಟ್ಟುಗಳಿಗೂ ಸಂಬಂಧ ಇಟ್ಟುಕೊಂಡಿರುತ್ತದೆ. ಕೇಳುಗರಿಗೂ ಹಿಡಿಸಿದ್ದು ಆ ಥರದ ಏರುಪೇರೇ. ಆದ್ದರಿಂದ ಹ್ಯೂಮನೈಸ್ ಗುಂಡಿಗಿಂತ ನಿಮ್ಮದೇ ಬೆರಳಿನಲ್ಲಿ ಪ್ಯಾಡ್ ಬಡಿದು ರೆಕಾರ್ಡ್ ಮಾಡಿದ್ದು ಸಾವಿರ ಪಾಲು ಮೇಲು. ಒರಟಾಗಿದ್ದರೆ ಇರಲಿ, ತೀರಾ ತಪ್ಪಿದ್ದನ್ನು ಮಾತ್ರ ಸರಿಪಡಿಸಿ.

ಬೆರಳಿನಲ್ಲಿ ಬಾರಿಸುವಾಗ ಲೇಟೆನ್ಸಿ ಕಾಡುತ್ತದೆ. ಲೆಕ್ಕ ಸರಳ: 48,000 ಹರ್ಟ್ಸ್‌ನಲ್ಲಿ ಬಫರ್ 128 ಇದ್ದರೆ ಸುಮಾರು 2.7 ಮಿಲಿಸೆಕೆಂಡ್ ತಡ. ಡ್ರಮ್ಮಿನಿಂದ ಒಂದು ಮೀಟರ್ ದೂರ ಕೂತ ಹಾಗೆ. ಬಫರ್ 1024 ಇದ್ದರೆ 21 ಮಿಲಿಸೆಕೆಂಡ್, ಅಂದರೆ ಏಳು ಮೀಟರ್ ದೂರದಿಂದ ಬಾರಿಸಿದ ಹಾಗೆ. ಬಾರಿಸುವಾಗ ಬಫರ್ ಇಳಿಸಿ, ಮಿಕ್ಸ್ ಮಾಡುವಾಗ ಏರಿಸಿ.

ಡ್ರಮ್ ಸೆಟ್ ಬೇಕಾದರೆ

ನಿಮ್ಮದು ಸಿನಿಮಾ ಧಾಟಿಯ ಹಾಡು, ರಾಕ್, ಪಾಪ್ ಅಂದರೆ ಪಾಶ್ಚಾತ್ಯ ಡ್ರಮ್ ಸೆಟ್ ಬೇಕು. ಇಲ್ಲಿ ಆಯ್ಕೆಗೇನೂ ಬರವಿಲ್ಲ.

ಸೊನ್ನೆ ರೂಪಾಯಿಯಿಂದ ಶುರು ಮಾಡಿ. ಆ್ಯಪಲ್ ಫೋನ್ ಅಥವಾ ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ, ಅದರೊಳಗೆ ‘ಡ್ರಮ್ಮರ್’ ಇದೆ. ವಿಂಡೋಸ್‌ನವರಿಗೆ ಎಂಟಿ ಪವರ್ ಡ್ರಮ್ ಕಿಟ್ ಹಗುರ, ಬೇಕಾದಷ್ಟು ನಡೆಗಳೂ ಜೊತೆಗೇ ಬರುತ್ತವೆ. ಸ್ಟೀವನ್ ಸ್ಲೇಟ್ ಡ್ರಮ್ಸ್ 5.5ರ ಉಚಿತ ಆವೃತ್ತಿಯೂ ಒಳ್ಳೆಯದೇ. ಇವನ್ನೆಲ್ಲ ಹಾಕಿಕೊಳ್ಳೋಕೆ ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು; ಅರವತ್ತು ದಿನ ಪೂರ್ತಿ ಬಳಸಿ ನೋಡಲು ಬಿಡುತ್ತಾರೆ.

ಹಣ ಹಾಕುವ ಹಂತಕ್ಕೆ ಬಂದರೆ ಎರಡು ಹೆಸರು ಮುಂದೆ ಬರುತ್ತವೆ, ಎರಡೂ ಸ್ವೀಡನ್ನಿನ ಕಂಪನಿಗಳವು. ಟೂನ್‌ಟ್ರ್ಯಾಕ್‌ನ ಈಝೀಡ್ರಮ್ಮರ್ 3 ಹಾಡು ಬರೆಯುವವರಿಗೆ ಹೇಳಿ ಮಾಡಿಸಿದ್ದು. ನಿಮ್ಮ ಗಿಟಾರ್ ಟ್ರ್ಯಾಕನ್ನು ಎಳೆದು ಹಾಕಿದರೆ ಅದಕ್ಕೆ ಹೊಂದುವ ನಡೆಗಳನ್ನು ಅದೇ ಸೂಚಿಸುತ್ತದೆ. ಎಕ್ಸ್‌ಎಲ್‌ಎನ್ ಆಡಿಯೋದ ಅಡಿಕ್ಟಿವ್ ಡ್ರಮ್ಸ್ 2 ಹಗುರ, ಬೇಕಾದ ಕಿಟ್ ಮಾತ್ರ ಕೊಳ್ಳಬಹುದು.

ಇನ್ನು ದೊಡ್ಡಣ್ಣ ಟೂನ್‌ಟ್ರ್ಯಾಕ್‌ನ ಸುಪೀರಿಯರ್ ಡ್ರಮ್ಮರ್ 3. 2017ರಲ್ಲಿ ಬಂದಾಗ 399 ಡಾಲರ್. ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ರೆಕಾರ್ಡ್ ಮಾಡಿದ 230 ಜಿಬಿಗೂ ಮೀರಿದ ಸದ್ದುಗಳು ಅದರಲ್ಲಿವೆ. 256 ಜಿಬಿ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಇದನ್ನು ಇಡೋದು ಅಂದರೆ ಒಂದೇ ರೂಮಿನ ಮನೆಗೆ ಆನೆ ತಂದ ಹಾಗೆ. ಹತ್ತಾರು ಮೈಕುಗಳನ್ನು ಮಿಕ್ಸ್ ಮಾಡುವ ಕೈಚಳಕ ಇದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಉಚಿತ ಕಿಟ್ಟಿಗೂ ಇದಕ್ಕೂ ನಿಮ್ಮ ಹಾಡಿನಲ್ಲಿ ದೊಡ್ಡ ವ್ಯತ್ಯಾಸ ಕೇಳದು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ: ಕಂಪನಿಯ ಡೆಮೊ ಹಾಡು ಕೇಳಬೇಡಿ, ಅದರಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಟ್ರಯಲ್ ಹಾಕಿಕೊಂಡು ಸ್ನೇರ್ ಡ್ರಮ್ಮನ್ನು ಅತಿ ಮೆಲ್ಲಗೆ ಬಡಿದು ಹಾಗೇ ಜೋರಿಗೆ ಏರಿಸುತ್ತ ಹೋಗಿ. ನಡುವೆ ಎಲ್ಲೂ ಮೆಟ್ಟಿಲು ಹತ್ತಿದ ಹಾಗೆ ಆಗಬಾರದು. ಆಮೇಲೆ ಒಂದೇ ಜೋರಿನಲ್ಲಿ ಪಟಪಟ ಬಡಿಯಿರಿ. ಮಷಿನ್ ಗನ್ ಕೇಳಿದರೆ ಬಿಟ್ಟುಬಿಡಿ.

ತಬಲಾದ ಕಥೆಯೇ ಬೇರೆ

ನಮ್ಮ ಕಡೆ ಮನೆಯಲ್ಲಿ ರೆಕಾರ್ಡ್ ಮಾಡುವವರೆಲ್ಲ ರಾಕ್ ಹಾಡುವುದಿಲ್ಲವಲ್ಲ. ವಚನ, ದಾಸರ ಪದ, ತತ್ವಪದ, ಭಜನೆ, ಭಾವಗೀತೆ ಇವೇ ಹೆಚ್ಚು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ರೋಣ ಇದು. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ಪಕ್ಕದ ಗದಗಿನಲ್ಲೇ ಇದೆ. ಇಲ್ಲಿನ ಕಿವಿಗಳಿಗೆ ತಬಲಾ ಗೊತ್ತು. ಮೋಸ ಮಾಡೋಕಾಗಲ್ಲ.

ತಬಲಾ ಸ್ಯಾಂಪಲ್ ಯಾಕೆ ಕಷ್ಟ? ಇದಕ್ಕೆ ಉತ್ತರ ಸಿ.ವಿ. ರಾಮನ್ ಬಳಿ ಇದೆ. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ 1934ರಲ್ಲಿ ಅವರು ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಸಾದಾ ಚರ್ಮದ ಡ್ರಮ್ಮಿನಲ್ಲಿ ಹುಟ್ಟುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಅದು ಬರೀ ಸದ್ದು. ತಬಲಾ, ಮೃದಂಗಗಳ ನಡುವೆ ಮೆತ್ತಿದ ಕಪ್ಪು ಶಾಯಿ ಆ ಕಂಪನಗಳನ್ನು ತಂತಿವಾದ್ಯದ ಹಾಗೆ ಸ್ವರಕ್ಕೆ ಹೊಂದಿಸುತ್ತದೆ. ಒಂಬತ್ತು ಬಗೆಯ ಕಂಪನಗಳು ಐದು ಸ್ವರಾಂಶಗಳಾಗಿ ಕೂಡಿಕೊಳ್ಳುತ್ತವೆ ಅಂತ ಅವರು ತೋರಿಸಿದರು.

ರೆಕಾರ್ಡಿಂಗ್ ಮಾಡುವವರಿಗೆ ಇದರ ಅರ್ಥ ಇಷ್ಟು: ತಬಲಾಕ್ಕೆ ಶ್ರುತಿ ಇದೆ. ನೀವು ಹಾಡೋದು ಬಿಳಿ ನಾಲ್ಕರಲ್ಲಿ, ಸ್ಯಾಂಪಲ್ ಇರೋದು ಕರಿ ಒಂದರಲ್ಲಿ ಅಂದರೆ ಸಾಫ್ಟ್‌ವೇರಿನಲ್ಲಿ ಪಿಚ್ ಏರಿಸಬೇಕಾಗುತ್ತದೆ. ಅರ್ಧ ಮನೆ, ಒಂದು ಮನೆ ಸರಿಸಿದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಪ್ಲಾಸ್ಟಿಕ್ ಡಬ್ಬಿ ಬಡಿದ ಹಾಗೆ. ಆದ್ದರಿಂದ ಹಾಡಿನ ಶ್ರುತಿ ಗಟ್ಟಿ ಮಾಡಿಕೊಂಡ ಮೇಲೇ ತಬಲಾ ಆರಿಸಿ. ಇನ್ನು ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ಆ ‘ಗೇ’ ಇದೆಯಲ್ಲ, ಅದು ಪ್ರತಿ ಸಲವೂ ಬೇರೆ. ಒಂದೊಂದೇ ಪೆಟ್ಟು ಜೋಡಿಸಿ ಅದನ್ನು ಕಟ್ಟೋದು ಬಹಳ ಕಷ್ಟ.

ಸ್ವಿಟ್ಜರ್ಲೆಂಡಿನ ಸ್ವರ್ ಸಿಸ್ಟಮ್ಸ್ ಕಂಪನಿಯ ಸ್ವರ್‌ಪ್ಲಗ್ ಭಾರತೀಯ ವಾದ್ಯಗಳಿಗಾಗಿಯೇ ಮಾಡಿದ್ದು, ತಬಲಾ, ಡೋಲಕ್ ಎಲ್ಲ ಅದರಲ್ಲಿ ಸಿಗುತ್ತವೆ. ಹಾಡಿನ ಕರಡು ಮಾಡಲು ಚೆನ್ನ. ಹಾಡಿನಲ್ಲಿ ತಬಲಾನೇ ಮುಖ್ಯ ಅಂದರೆ ಮಾತ್ರ ಸಾಫ್ಟ್‌ವೇರ್ ಹಣವನ್ನು ತಬಲಾ ನುಡಿಸುವವರಿಗೆ ಕೊಡಿ. ಕರಡು ಕಳಿಸಿ, ಒಂದು ಮಧ್ಯಾಹ್ನ ಕೂತು ರೆಕಾರ್ಡ್ ಮಾಡಿ. ಯಾವ ಲೈಬ್ರರಿಯೂ ನಿಮ್ಮ ಹಾಡಿನ ಎರಡನೇ ಚರಣಕ್ಕೆ ಮುಂಚಿನ ಉಸಿರನ್ನು ಕೇಳಿಸಿಕೊಂಡು ಮುಕ್ತಾಯ ಕೊಡುವುದಿಲ್ಲ.

ಹಲಗಿ ಎಲ್ಲಿ ಸಿಗುತ್ತದೆ?

ದೊಡ್ಡ ಕಂಪನಿಗಳ ‘ಇಂಡಿಯನ್ ಪರ್ಕಶನ್’ ಪಟ್ಟಿಯಲ್ಲಿ ಹುಡುಕಿದರೆ ತಬಲಾ, ಡೋಲಕ್, ಢೋಲ್ ಸಿಗುತ್ತವೆ. ಉತ್ತರ ಕರ್ನಾಟಕದ ಹಲಗಿ, ಡೊಳ್ಳು, ಸಂಬಾಳ, ಕರಡಿ ಮಜಲಿನ ಕರಡಿ ಸಿಗೋದು ಕಷ್ಟ. ಹಾಗಂತ ಪಂಜಾಬಿನ ಢೋಲು ಹಾಕಿ ‘ಜಾನಪದ’ ಅಂದರೆ ಊರಿನ ಜನ ನಗುತ್ತಾರೆ.

ಖುಷಿಯ ಸಂಗತಿ ಅಂದರೆ ಹಲಗಿಯ ಸ್ಯಾಂಪಲ್ ಮಾಡೋದು ತಬಲಾಕ್ಕಿಂತ ಸುಲಭ. ರಾಮನ್ ಲೆಕ್ಕದ ಇನ್ನೊಂದು ಮಗ್ಗುಲು ಇದು: ಹಲಗಿಗೆ ಶಾಯಿ ಇಲ್ಲ, ಖಚಿತ ಶ್ರುತಿ ಇಲ್ಲ. ಆದ್ದರಿಂದ ಒಮ್ಮೆ ಸರಿಯಾಗಿ ರೆಕಾರ್ಡ್ ಮಾಡಿಕೊಂಡರೆ ಯಾವ ಶ್ರುತಿಯ ಹಾಡಿಗೂ ಹೊಂದುತ್ತದೆ.

ಬಾರಿಸುವವರ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳಗಿನ ಕಡ್ಡಿ. ಮುಖ್ಯ ಪೆಟ್ಟು ನಾಲ್ಕು ಅಂತಿಟ್ಟುಕೊಳ್ಳಿ: ಕೋಲಿನಿಂದ ನಡುವೆ, ಕೋಲಿನಿಂದ ಅಂಚಿಗೆ, ಕಡ್ಡಿಯದು, ಎರಡೂ ಕೂಡಿ. ಪ್ರತಿಯೊಂದನ್ನೂ ಐದು ಜೋರಿನಲ್ಲಿ, ಪ್ರತಿ ಜೋರಿಗೆ ಆರು ಸಲ ಹೊಡೆಸಿ. ಒಟ್ಟು 120 ಪೆಟ್ಟು. ಪ್ರತಿ ಸದ್ದು ಪೂರ್ತಿ ಆರುವವರೆಗೆ ಕಾಯ್ದರೂ ಅರ್ಧ ಗಂಟೆ ಸಾಕು. ಎರಡೆರಡು ಸೆಕೆಂಡಿನಂತೆ 48,000 ಹರ್ಟ್ಸ್, 24 ಬಿಟ್, ಮೊನೊದಲ್ಲಿ ಇಟ್ಟರೆ ಎಲ್ಲ ಸೇರಿ ಸುಮಾರು 35 ಎಂಬಿ. ವಾಟ್ಸ್ಯಾಪ್‌ನಲ್ಲಿ ಬರುವ ಮದುವೆ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ!

ಕೆಲವು ಮಾತು ನೆನಪಿಡಿ. ಚರ್ಮದ ಹಲಗಿಯನ್ನು ಬಾರಿಸುವ ಮುಂಚೆ ಬೆಂಕಿಗೆ ಕಾಸುತ್ತಾರೆ. ಬಿಸಿ ಆರುತ್ತ ಹೋದಂತೆ ಚರ್ಮ ಸಡಿಲಾಗಿ ಸದ್ದು ಇಳಿಯುತ್ತದೆ. 120 ಪೆಟ್ಟು ಮುಗಿಯುವುದರೊಳಗೆ ನಡುವೆ ಮತ್ತೆ ಕಾಸಿಕೊಳ್ಳಲು ಬಿಡುವು ಕೊಡಿ, ಇಲ್ಲದಿದ್ದರೆ ಮೊದಲ ಪೆಟ್ಟು, ಕೊನೆಯ ಪೆಟ್ಟು ಬೇರೆ ಬೇರೆ ವಾದ್ಯವಾಗುತ್ತವೆ. ಈಗ ಪ್ಲಾಸ್ಟಿಕ್ ಹಾಳೆಯ ಹಲಗಿಯೂ ಬಂದಿದೆ; ಅದಕ್ಕೆ ಬೆಂಕಿ ಬೇಡ, ಸದ್ದು ಚೂಪು. ಎರಡನ್ನೂ ಬೇರೆ ಬೇರೆ ಮಾಡಿಟ್ಟುಕೊಳ್ಳಿ.

ಕಾಂಕ್ರೀಟಿನ ಖಾಲಿ ರೂಮು ಬೇಡ, ಪ್ರತಿ ಪೆಟ್ಟಿಗೂ ಗೋಡೆ ಎದುರುತ್ತರ ಕೊಡುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ಅದೇ ಸ್ಟುಡಿಯೋ. ಸಿಗದಿದ್ದರೆ ಎರಡು ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಬಿಡಿ, ಮೈಕನ್ನು ಮೂರು ನಾಲ್ಕು ಅಡಿ ದೂರ ಇಡಿ. ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಮೈನಸ್ 6 ಡಿಬಿ ದಾಟದಂತೆ ನೋಡಿಕೊಳ್ಳಿ. ಫೋನಿನಲ್ಲೇ ಮಾಡುವುದಾದರೆ ವೇವ್ ಫೈಲ್ ಕೊಡುವ ಆ್ಯಪ್ ಬಳಸಿ, ಅದರಲ್ಲಿ ತಂತಾನೇ ವಾಲ್ಯೂಮ್ ಸರಿಮಾಡುವ, ಗದ್ದಲ ತೆಗೆಯುವ ಸೌಲಭ್ಯಗಳನ್ನು ಆರಿಸಿ. ಅವು ಇದ್ದರೆ ಮೆಲು ಪೆಟ್ಟೂ ಜೋರು ಪೆಟ್ಟೂ ಒಂದೇ ಆಗಿಬಿಡುತ್ತವೆ.

ತುಂಡುಗಳನ್ನು ಕತ್ತರಿಸಲು ಆಡಾಸಿಟಿ ಸಾಕು. ಜೋಡಿಸಲು ಹೈಡ್ರೋಜನ್ ಅಥವಾ ಡಿಸೆಂಟ್ ಸ್ಯಾಂಪ್ಲರ್, ಎರಡೂ ಉಚಿತ. ಡಿಸೆಂಟ್ ಸ್ಯಾಂಪ್ಲರ್‌ನ ಪ್ರೀಸೆಟ್ ಒಂದು ಎಕ್ಸ್‌ಎಂಎಲ್ ಫೈಲ್ ಅಷ್ಟೇ: ಯಾವ ಫೈಲು, ಎಷ್ಟರಿಂದ ಎಷ್ಟರವರೆಗಿನ ವೆಲಾಸಿಟಿಗೆ, ಸರದಿಯಲ್ಲಿ ಎಷ್ಟನೆಯದು. ಕೋಡ್ ಬರೆಯುವವರಿಗೆ ಒಂದು ಸಂಜೆಯ ಕೆಲಸ.

ಹಾಡು ಓಡುತ್ತದೆ, ಗ್ರಿಡ್ಡನ್ನೂ ಓಡಿಸಿ

ವಾದ್ಯ ಸಿಕ್ಕ ಮೇಲೂ ಹಾಡನ್ನು ಕೆಡಿಸುವ ಸಂಗತಿ ಒಂದಿದೆ: ಮೊದಲಿಂದ ಕೊನೆವರೆಗೆ ಒಂದೇ ಬಿಪಿಎಂ. ನಮ್ಮ ಭಜನೆ ಮೆಲ್ಲಗೆ ಶುರುವಾಗಿ ಕೊನೆಗೆ ತಾಳ, ದಮ್ಮಡಿ ಎಲ್ಲ ಸೇರಿ ಏರುತ್ತ ಹೋಗುತ್ತದೆ. ಆ ಏರಿಕೆಯೇ ಭಜನೆಯ ಜೀವ. ಅದನ್ನು 90ಕ್ಕೆ ಕಟ್ಟಿಹಾಕಿದರೆ ಏನು ಉಳಿಯಿತು?

ಆದ್ದರಿಂದ ತಾಳ ಹಾಕಿ ಅದರ ಮೇಲೆ ಹಾಡಬೇಡಿ. ಮೊದಲು ಕೈತಾಳ ಹಾಕುತ್ತ ಹಾಡಿ, ಆಮೇಲೆ ಅದಕ್ಕೆ ಗ್ರಿಡ್ ಹೊಂದಿಸಿ. ರೀಪರ್‌ನಲ್ಲಿ ಟೆಂಪೊ ಮ್ಯಾಪ್ ಮಾಡಲು ಬರುತ್ತದೆ. ಹಾಗೆಯೇ ಕಹರವಾ ಎಂಟು ಮಾತ್ರೆ, ದಾದ್ರಾ ಆರು, ರೂಪಕ ಏಳು. ಸಾಫ್ಟ್‌ವೇರ್ ತೆರೆದಾಗ ತಾನಾಗಿ ಬರುವ ನಾಲ್ಕರ ಲೆಕ್ಕಕ್ಕೆ ದಾದ್ರಾದ ಹಾಡನ್ನು ತುರುಕಬೇಡಿ.

ಬಾರಿಸಿದವರ ಪಾಲು

ಕೊನೆಯದು ತಂತ್ರಜ್ಞಾನದ ಮಾತಲ್ಲ. ನಮ್ಮ ಕಡೆ ಹಲಗಿ ಬಾರಿಸುವವರಲ್ಲಿ ಹೆಚ್ಚಿನವರು ದಲಿತ ಕುಟುಂಬದವರು. ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ಬಾರಿಸೋದನ್ನು ಜಾತಿಯ ಹೊರೆಯಾಗಿ ಅವರ ಮೇಲೆ ಹೊರಿಸಿದ ಇತಿಹಾಸ ಇದೆ. ಅದೇ ಕಾರಣಕ್ಕೆ ಹಲಗಿ ಮುಟ್ಟುವುದೇ ಬೇಡ ಅಂತ ಬಿಟ್ಟವರೂ ಇದ್ದಾರೆ, ಅವರ ತೀರ್ಮಾನ ಸರಿಯಾದದ್ದೇ. ಆದ್ದರಿಂದ ‘ಬಾರೋ, ಒಂದೀಟು ಬಾರಿಸು’ ಅಂತ ಊರಿನ ಹಳೆಯ ಸಲುಗೆಯಲ್ಲಿ ಕರೆಯಬೇಡಿ. ಸ್ಟುಡಿಯೋಕ್ಕೆ ಕಲಾವಿದರನ್ನು ಕರೆಯುವ ಹಾಗೆ ‘ಬರ‍್ರಿ’ ಅಂತ ಕರೆಯಿರಿ, ಸಂಭಾವನೆ ಮೊದಲೇ ಮಾತಾಡಿ.

ಸ್ಯಾಂಪಲ್ ಅಂದರೆ ಏನು ಅನ್ನೋದನ್ನೂ ಅವರಿಗೆ ತಿಳಿಸಿ ಹೇಳಬೇಕು. ಒಂದು ಹಾಡಿಗೆ ಬಾರಿಸಿದರೆ ಆ ಹಾಡಿಗಷ್ಟೇ. ಸ್ಯಾಂಪಲ್ ಹಾಗಲ್ಲ: ಅರ್ಧ ಗಂಟೆಯ ಅವರ ಕೈ ನಿಮ್ಮ ಹತ್ತಾರು ಹಾಡಿನಲ್ಲಿ, ಅವರಿಲ್ಲದೆಯೇ ಬಾರಿಸುತ್ತ ಇರುತ್ತದೆ. ಅದಕ್ಕೆ ತಕ್ಕ ಹಣ ಕೊಡಿ. ಯಾವುದಕ್ಕೆ ಬಳಸುತ್ತೀರಿ, ಬೇರೆಯವರಿಗೆ ಹಂಚುತ್ತೀರಾ ಅನ್ನೋದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಓದಿ ಹೇಳಿ, ಇಬ್ಬರೂ ಸಹಿ ಮಾಡಿ. ಅವರು ಒಪ್ಪಿದರೆ ಪ್ರತಿ ಹಾಡಿನ ಕೆಳಗೆ ಅವರ ಹೆಸರು ಇರಲಿ. ಸ್ವೀಡನ್ನಿನ ಲೈಬ್ರರಿಗೆ ಡಾಲರ್ ಕೊಟ್ಟು ಅವರ ಷರತ್ತಿಗೆಲ್ಲ ‘ಐ ಅಗ್ರೀ’ ಒತ್ತುವ ನಾವು, ಪಕ್ಕದ ಓಣಿಯವರ ಸದ್ದನ್ನು ಪುಕ್ಕಟೆ ಎತ್ತಿಕೊಂಡು ಬರೋದು ಯಾವ ನ್ಯಾಯ?

ಕೊಂಡ ಲೂಪ್‌ಗಳಲ್ಲೂ ಎಚ್ಚರ ಬೇಕು. ‘ರಾಯಲ್ಟಿ ಫ್ರೀ’ ಅಂದರೆ ಸಾಮಾನ್ಯವಾಗಿ ಹಾಡಿನಲ್ಲಿ ಬಳಸಬಹುದು, ಸದ್ದನ್ನೇ ಬಿಡಿಯಾಗಿ ಮಾರುವಂತಿಲ್ಲ. ಅದೇ ಲೂಪ್ ಇನ್ನೊಬ್ಬರ ಹಾಡಿನಲ್ಲೂ ಇದ್ದರೆ ಯೂಟ್ಯೂಬ್‌ನಲ್ಲಿ ಹಕ್ಕಿನ ತಕರಾರು ಬರಬಹುದು. ಲೈಸೆನ್ಸ್ ಮೇಲ್ ಅಳಿಸದೆ ಇಟ್ಟುಕೊಳ್ಳಿ. ನೀವೇ ರೆಕಾರ್ಡ್ ಮಾಡಿದ ಹಲಗಿಗೆ ಆ ಕಾಟ ಇಲ್ಲ.

ಒಟ್ಟಿನಲ್ಲಿ ಆಯ್ಕೆ ಹೀಗೆ

- ಪಾಪ್, ರಾಕ್, ಸಿನಿಮಾ ಧಾಟಿ: ಉಚಿತ ಕಿಟ್‌ನಿಂದ ಶುರು ಮಾಡಿ. ಮೂರು ಹಾಡು ಮುಗಿಸಿದ ಮೇಲೂ ಕೊರತೆ ಕಂಡರೆ ಈಝೀಡ್ರಮ್ಮರ್ ಅಥವಾ ಅಡಿಕ್ಟಿವ್ ಡ್ರಮ್ಸ್. ದೊಡ್ಡ ಲೈಬ್ರರಿ ಆಮೇಲೆ.
- ವಚನ, ಭಾವಗೀತೆ, ದಾಸರ ಪದ: ಕರಡಿಗೆ ಆ್ಯಪ್ ಅಥವಾ ಸ್ವರ್‌ಪ್ಲಗ್, ಅಂತಿಮ ರೆಕಾರ್ಡಿಂಗಿಗೆ ತಬಲಾ ನುಡಿಸುವವರು.
- ಜಾನಪದ, ಹೋಳಿ ಪದ, ಡೊಳ್ಳಿನ ಹಾಡು: ಒಂದು ಮೈಕು, ಎರಡು ಕೌದಿ, ನಿಮ್ಮದೇ ಊರಿನ ಕಲಾವಿದರು.

ಮುಂದಿನ ಹೋಳಿಗೆ ಊರಿಗೆ ಹೋಗುವವರಿದ್ದರೆ ಬ್ಯಾಗಿನಲ್ಲಿ ಮೈಕು, ಸಂಭಾವನೆಯ ದುಡ್ಡು ಎರಡನ್ನೂ ಇಟ್ಟುಕೊಳ್ಳಿ. ಬರುವಾಗ 35 ಎಂಬಿ ತಗೊಂಡು ಬನ್ನಿ. 230 ಜಿಬಿಯಲ್ಲಿ ಇಲ್ಲದ್ದು ಅದರಲ್ಲಿ ಇರುತ್ತದೆ.